ಬಾಲಕ್ಕೆ ಕಟ್ಟಿದ ಬಸವನಹುಳು

"ಕೇಳಿಸ್ತಾ?" ಕ್ಯಾಬಿನ್ನಿನಿಂದ ಅಕ್ಕ ಕೂಗಿದಳು.

ತೂಕಡಿಕೆ ಸಾಹೇಬರು ಮಲಗಿದಲ್ಲಿಂದಲೇ ಕೈ ಎತ್ತಿ, ಸುಮ್ಮನಿರು ಎಂಬಂತೆ ಬೀಸಿದರು. ಟ್ರಕ್ಕಿನ ಹಿಂದಿನ ತೆರೆದ ತೊಟ್ಟಿಯಲ್ಲಿ ಅವರು ಮಗ್ಗುಲಾಗಿ ಬಿದ್ದುಕೊಂಡಿದ್ದರು. ಬಲಗಿವಿ ತಗಡಿನ ನೆಲಕ್ಕೆ ಅಂಟಿತ್ತು, ಕಣ್ಣು ಮುಚ್ಚಿತ್ತು. ದಾರಿಯಲ್ಲಿ ಯಾರಾದರೂ ಕಂಡಿದ್ದರೆ ಹೆಣ ಸಾಗಿಸುತ್ತಿದ್ದಾರೆ ಎಂದೇ ತಿಳಿಯುತ್ತಿದ್ದರು.

ಪೊಲೀಸ್ ಕೆಲಸದಲ್ಲಿದ್ದಾಗ ವಿಚಾರಣೆಯ ನಡುವೆಯೇ ತೂಕಡಿಸುತ್ತಾರೆ ಎಂದು ಬಿದ್ದ ಹೆಸರದು. ನಿವೃತ್ತರಾಗಿ ಖಾಸಗಿ ಪತ್ತೇದಾರಿಕೆಗೆ ಇಳಿದ ಮೇಲೆ ಹೆಸರೂ ಬಿಡಲಿಲ್ಲ, ಅಭ್ಯಾಸವೂ ಬಿಡಲಿಲ್ಲ. ಮುದುಕ ನಿದ್ದೆ ಹೋದ ಎಂದು ನಾಲಿಗೆ ಸಡಿಲ ಬಿಟ್ಟವರಲ್ಲಿ ಬಹಳ ಮಂದಿ ಆಮೇಲೆ ಕಂಬಿ ಎಣಿಸಿದ್ದಾರೆ.

ಈಗ ಅವರ ಕೈಗೆ ಬಂದಿದ್ದ ಪ್ರಕರಣ ಇಷ್ಟು: ಹೊಳೆಯಲ್ಲಿ ಮುಳುಗಿದ ಟ್ರಕ್ಕು, ಅದರೊಳಗೆ ಸತ್ತಿದ್ದ ಸರ್ವೇಯರು, ದಡದಲ್ಲಿ ತಲೆಯೊಡೆದು ಬಿದ್ದಿದ್ದ ಅಕ್ಕನ ತಮ್ಮ. ಓಡಿಸುತ್ತಿದ್ದವನು ತಮ್ಮನೇ ಎಂದು ಪೊಲೀಸರು ತೀರ್ಮಾನಿಸಿಯಾಗಿತ್ತು, ಅವನಿಗೋ ಆ ದಿನದ್ದು ಒಂದೂ ನೆನಪಿರಲಿಲ್ಲ. ಆಸ್ಪತ್ರೆಯಿಂದ ಹೊರಬಂದ ದಿನವೇ ಅವನು ಜೈಲಿಗೆ ಹೋಗುವವನು.

ಈಗ ಸಾಹೇಬರು ಮಲಗಿದ್ದು ಮುಳುಗಿದ ಟ್ರಕ್ಕಿನ ಅವಳಿಯಲ್ಲಿ. ಅಕ್ಕನ ಗ್ಯಾರೇಜಿನಲ್ಲಿ ಒಂದೇ ಅಚ್ಚಿನಲ್ಲಿ ತಯಾರಾದ ಎರಡು ಕಾಡುದಾರಿಯ ಗಾಡಿಗಳು ಅವು. ಗ್ಯಾರೇಜಿನ ಹಿಂದಿನ ಏರಿನ ಮೇಲೆ ಅಕ್ಕ ಗಾಡಿಯನ್ನು ಹತ್ತಿಸುತ್ತಿದ್ದಳು. ಸುತ್ತ ಮುಂಜಾವಿನ ಮಂಜು. ಮರಗಳು ಎಲ್ಲಿಂದಲೋ ಬಂದು ಪಕ್ಕದಲ್ಲಿ ನಿಂತು, ಏನೋ ಹೇಳಲು ಹೋಗಿ ಮರೆತವರಂತೆ ಮತ್ತೆ ಬಿಳುಪಿನೊಳಗೆ ಹೋಗುತ್ತಿದ್ದವು.

ಮೊದಲು ತಗಡು ನಡುಗಿತು. ಆಮೇಲೆ ಕೆಳಗಿನಿಂದ, ತೀರ ಕೆಳಗಿನಿಂದ, ಸಣ್ಣದೊಂದು ಶಿಳ್ಳೆ ಎದ್ದಿತು. ಅದು ಕಿವಿಯ ಅಪ್ಪಣೆ ಕೇಳಲಿಲ್ಲ, ನೇರವಾಗಿ ಹಲ್ಲಿನೊಳಕ್ಕೆ ಬಂತು. ಏರು ಹೆಚ್ಚಿದಷ್ಟೂ ಶಿಳ್ಳೆ ತೆಳ್ಳಗಾಗಿ ಮೇಲೇರಿತು. ಸಾಹೇಬರಿಗೆ ತಾವು ಎಲ್ಲಿದ್ದೇವೆ ಎಂಬುದೇ ಒಂದು ಕ್ಷಣ ಮರೆತುಹೋಯಿತು.

ಆಸ್ಪತ್ರೆಯ ಮಂಚದ ಮೇಲೆ ತಮ್ಮ ಹೇಳಿದ್ದ ಕನಸು ಇದೇ.

"ನಾನು ಮಲಗಿರ್ತೀನಿ ಸಾಹೇಬ್ರೇ. ದಿಂಬಿನ ಕೆಳಗೆ ಯಾರೋ ಶಿಳ್ಳೆ ಹಾಕ್ತಾ ಇರ್ತಾರೆ. ಎಷ್ಟು ಚೆನ್ನಾಗಿರುತ್ತೆ ಅಂದ್ರೆ ಎಚ್ಚರ ಆಗೋದೇ ಬೇಡ ಅನ್ಸುತ್ತೆ. ಆಮೇಲೆ ಶಿಳ್ಳೆ ನಿಲ್ಲುತ್ತೆ. ಬೆಕ್ಕು ಗೊರಗುಟ್ಟೋ ಥರ ಸದ್ದು ಬರುತ್ತೆ, ತುಂಬಾ ಹೊತ್ತು. ಆಮೇಲೆ ಎಲ್ಲಾ ತಣ್ಣಗಾಗಿಬಿಡುತ್ತೆ."

ದಿನಾ ಬೆಳಗಾದರೆ ಇದೇ ಕನಸು ಎಂದಿದ್ದ. ದಾದಿಯರು ನಕ್ಕಿದ್ದರು. ಸಾಹೇಬರು ನಗಲಿಲ್ಲ. ಕನಸಿನ ಮಟ್ಟಿಗೆ ಅವರು ತಜ್ಞರು.

"ಸಾಕು, ನಿಲ್ಲಿಸಮ್ಮಾ," ಎಂದು ಕೂಗಿ, ಸೊಂಟ ಹಿಡಿದುಕೊಂಡು ಎದ್ದು ಬಂದು, ಕ್ಯಾಬಿನ್ನಿನಲ್ಲಿ ಅಕ್ಕನ ಪಕ್ಕ ಕುಳಿತರು. "ಈಗ ಇದೇ ಏರು ಇನ್ನೊಂದ್ಸಲ."

ಕ್ಯಾಬಿನ್ನಿನಲ್ಲಿ ಕೇಳಿಸಿದ್ದು ಎಂಜಿನ್ನಿನ ಗುಡುಗು. ಶಿಳ್ಳೆ ಬಂತು, ಆದರೆ ತಡವಾಗಿ, ಬಹಳ ಹಿಂದಿನಿಂದ, ಬೇರೆ ಯಾರದೋ ಗಾಡಿ ಬೆನ್ನು ಹತ್ತಿದೆಯೇನೋ ಎಂಬಷ್ಟು ದೂರದಿಂದ ಬಂತು. ಸಾಹೇಬರು ಅಂಗೈ ಉಜ್ಜಿಕೊಂಡರು.

"ನಿನ್ನ ತಮ್ಮ ಸ್ಟೇರಿಂಗ್ ಹಿಂದೆ ಇರಲಿಲ್ಲ. ಅವನು ತೊಟ್ಟೀಲಿ ಮಲಗಿದ್ದ. ಅಥವಾ ಯಾರೋ ಮಲಗಿಸಿದ್ರು."

ಅಕ್ಕ ಗಾಡಿಯನ್ನು ನಡುದಾರಿಯಲ್ಲೇ ನಿಲ್ಲಿಸಿ, ಸ್ಟೇರಿಂಗಿಗೆ ಹಣೆ ಒತ್ತಿ ಗೊಳೋ ಎಂದು ಅತ್ತಳು. ತಾಯಿ ಸತ್ತ ಮೇಲೆ ಆ ಹುಡುಗನನ್ನು ಬೆಳೆಸಿದವಳು ಅವಳೇ. ಬೆಂಕಿ ಹಿಡಿದು ಕಬ್ಬಿಣ ಬೆಸೆಯುವ ಕೈ, ಕಣ್ಣೊರೆಸಿಕೊಳ್ಳಲು ಸೆರಗು ಸಿಗದೆ ಒರಟು ತೋಳಿನಲ್ಲೇ ಒರೆಸಿಕೊಂಡಿತು.

"ಹಾಗಾದ್ರೆ ಬಿಡಿಸ್ಕೊಂಡು ಬರೋಣ ನಡೀರಿ!"

"ತಡಿ. ಇನ್ಸ್‌ಪೆಕ್ಟರಿಗೆ ಈ ಕನಸಿನ ವಿಷಯ ನೆನ್ನೇನೇ ಹೇಳಿದೆ. ಕನಸನ್ನ ಕಟಕಟೆಗೆ ಹತ್ತಿಸೋಕೆ ಆಗಲ್ಲ ಸಾರ್ ಅಂದ. ಮುಟ್ಟಿ ನೋಡೋ ಅಂಥದ್ದು ಏನಾದ್ರೂ ಬೇಕು." ಸಾಹೇಬರು ಕಿಟಕಿಗೆ ತಲೆ ಆನಿಸಿದರು. "ಅಲ್ಲಮ್ಮಾ, ಲೋಕದಲ್ಲಿ ಎಲ್ಲರೂ ಈ ಶಿಳ್ಳೆ ಹಾಕೋ ಟರ್ಬೋನ ಎಂಜಿನ್ ಪಕ್ಕದಲ್ಲಿ ಇಡ್ತಾರೆ. ನೀವ್ಯಾಕೆ ಅದನ್ನ ಬಾಲಕ್ಕೆ ಕಟ್ಟಿದ್ರಿ?"

ಅಕ್ಕನಿಗೆ ಅಳುವಿನ ನಡುವೆಯೂ ನಗು ಬಂತು.

"ನಮ್ಮ ಮನೆಯವರನ್ನ ಕೇಳಿ. ಬಾನೆಟ್ ಒಳಗೆ ಜಾಗ ಇಲ್ಲ, ಹಿಂದೆ ಬೇಕಾದಷ್ಟಿದೆ, ಎಂಜಿನ್ನೂ ತಣ್ಣಗಿರುತ್ತೆ ಅಂದ್ರು. ಕೇಳೋಕೆ ಚೆನ್ನಾಗೇ ಇತ್ತು. ಮಾಡಿದ ಮೇಲೆ ಗೊತ್ತಾಯ್ತು, ಒಂದು ಹಲ್ಲು ಕೀಳೋಕೆ ಹೋಗಿ ದವಡೇನೇ ಕಿತ್ಕೊಂಡ್ವಿ ಅಂತ."

ಗ್ಯಾರೇಜಿನಲ್ಲಿ ಟರ್ಬೋಗೆ ಬಸವ ಎಂದು ಹೆಸರು. ಸುರುಳಿ ಸುತ್ತಿದ ಆ ಎರಕದ ಕಬ್ಬಿಣ ನೋಡಲು ಬಸವನಹುಳುವಿನ ಚಿಪ್ಪಿನಂತೆಯೇ ಇರುತ್ತದೆ. ಎಂಜಿನ್ನಿನ ಹೊಗೆ ಅದರೊಳಗಿನ ಚಕ್ರವನ್ನು ತಿರುಗಿಸಬೇಕು, ಚಕ್ರ ಗಾಳಿಯನ್ನು ಒತ್ತಿ ಎಂಜಿನ್ನಿಗೆ ಕಳಿಸಬೇಕು, ಆಗ ಗಾಡಿಗೆ ಹೆಚ್ಚಿನ ಬಲ. ಅಕ್ಕಪಕ್ಕದಲ್ಲಿದ್ದರೆ ಇದು ಚಿಟಿಕೆ ಹೊಡೆಯುವಷ್ಟರ ಕೆಲಸ. ಬಾಲಕ್ಕೆ ಕಟ್ಟಿದರೆ ಹೊಗೆ ಅಷ್ಟುದ್ದ ಕೊಳವೆಯಲ್ಲಿ ಹಿಂದಕ್ಕೆ ಹೋಗಬೇಕು, ಗಾಳಿ ಅಷ್ಟೇ ದೂರ ಮುಂದಕ್ಕೆ ಬರಬೇಕು.

"ಬಲ ಕೇಳಿದಾಗ ಕೊಡಲ್ಲ, ಬೇಡ ಅಂದಾಗ ಕೊಡುತ್ತೆ. ಬಂಡೆ ಹತ್ತೋವಾಗ ಕಾಲು ಒತ್ತಿ, ದೇವರನ್ನ ನೆನೀತಾ ಕೂತ್ಕೋಬೇಕು," ಎಂದಳು ಅಕ್ಕ. "ಎಂಜಿನ್ನಿಗಿಂತ ಕೆಳಗೆ ನೇತಾಡ್ತಿರುತ್ತಲ್ಲ, ಅದಕ್ಕೆ ಕೊಟ್ಟ ಎಣ್ಣೆ ತಾನಾಗೇ ವಾಪಸ್ ಬರಲ್ಲ. ಎತ್ತೋಕೆ ಒಂದು ಪಂಪು. ಪಂಪು ಕೈಕೊಟ್ರೆ ಹಿಂದೆ ಬರೀ ಹೊಗೆ. ಕಲ್ಲು ಬಡಿಯೋದು ಮೊದಲು ಅದಕ್ಕೇ, ಕೆಸರು ಕುಡಿಯೋದೂ ಅದೇ. ಗಾಳಿ ಸೋಸೋ ಫಿಲ್ಟರೂ ಅಲ್ಲೇ ಪಕ್ಕದಲ್ಲಿ. ಹೊಳೆ ಮಧ್ಯೆ ಗಾಡಿ ನಿಂತ್ರೆ ಗಾಳಿ ಬದಲು ನೀರು ಎಳ್ಕೊಂಡು ಎಂಜಿನ್ ಸತ್ತೇಹೋಗುತ್ತೆ. ಅವತ್ತು ಆಗಿದ್ದೂ ಅದೇ."

"ಇನ್ನೂ ಇದೆಯಾ?"

"ಎಲ್ಲಕ್ಕಿಂತ ದೊಡ್ಡದು ಇನ್ನೂ ಹೇಳಿಲ್ಲ." ಅಕ್ಕ ಮುಂದಿನ ಮಂಜನ್ನೇ ನೋಡುತ್ತ ಮಾತಾಡಿದಳು. "ಏರು ಹತ್ತಿ ಬಂದ ಬಸವ ಕೆಂಡ ಆಗಿರುತ್ತೆ. ಹಾಗೇ ಹೊಳೆಗೆ ಇಳಿಸಿದ್ರೆ ಬಿಸಿ ಗಾಜಿನ ಲೋಟಕ್ಕೆ ತಣ್ಣೀರು ಹಾಕಿದ ಹಾಗೆ, ಚಿಪ್ಪು ಸೀಳುತ್ತೆ. ಎರಡು ಚಿಪ್ಪು ಹೀಗೇ ಹೋದ್ಮೇಲೆ ಬುದ್ಧಿ ಬಂತು. ಈಗ ನೀರಿನ ಮುಂದೆ ನಿಲ್ಲಿಸ್ತೀವಿ. ಎಂಜಿನ್ ಆರಿಸೋ ಹಾಗಿಲ್ಲ, ಎಣ್ಣೆ ಓಡ್ತಿರಬೇಕು. ಸುಮ್ನೆ ಗೊರಗೊರ ಅಂತ ಬಿಟ್ಟು, ಒಂದು ಕಿತ್ತಳೆ ಸುಲಿದು ತಿನ್ನೋಷ್ಟು ಹೊತ್ತು ಕೂತಿರ್ತೀವಿ. ಉಸಿರು ಕೊಡೋದು ಅಂತೀವಿ ಅದಕ್ಕೆ."

"ಇದು ಯಾರ್ಯಾರಿಗೆ ಗೊತ್ತು?"

"ಮನೆಯವರಿಗೆ, ನನಗೆ, ತಮ್ಮನಿಗೆ. ಮೂರೇ ಜನಕ್ಕೆ," ಎಂದಳು ಅಕ್ಕ, ಗಾಡಿಯನ್ನು ಮತ್ತೆ ಹೊರಡಿಸುತ್ತ. "ಹೊರಗಿನೋರಿಗೆ ಹೇಳಿದ್ರೆ ನಮ್ಮ ಗಾಡಿ ಯಾರು ತಗೋತಾರೆ? ತಮ್ಮ ಅಂತೂ ಉಸಿರು ಕೊಡದೆ ಬಚ್ಚಲು ನೀರನ್ನೂ ದಾಟಿಸಲ್ಲ."

ಸಾಹೇಬರ ಕಣ್ಣು ತಾನಾಗಿ ಮುಚ್ಚಿಕೊಂಡಿತು. ಅವರಿಗೆ ಆನಂದವಾದಾಗ ಹಾಗಾಗುತ್ತಿತ್ತು.

ಅವರ ಅನುಮಾನವಿದ್ದದ್ದು ಕಲ್ಲುಗಣಿಯ ಗುತ್ತಿಗೆದಾರನ ಮೇಲೆ. ಅವನು ಗಾಡಿಗಳನ್ನು ಓಡಿಸುತ್ತಿರಲಿಲ್ಲ, ಎತ್ತುಗಳಂತೆ ಹೊಡೆಯುತ್ತಿದ್ದ. ಆಚೆ ದಡದಿಂದ ತಮ್ಮನನ್ನು ಸ್ಟೇರಿಂಗಿನಲ್ಲಿ ಕಂಡೆ ಎಂದು ಸಾಕ್ಷಿ ಹೇಳಿದವನು ಅವನೇ. ಗಡಿಕಲ್ಲು ಸರಿಸಿ ಕಾಡಿನೊಳಗೆ ಅಗೆದವನೂ ಅವನೇ, ಅದನ್ನು ಅಳೆದು ಕಂಡುಹಿಡಿದಿದ್ದವನು ಸತ್ತ ಸರ್ವೇಯರು. ಗುತ್ತಿಗೆದಾರ ತಾನೇ ಓಡಿಸಿದ್ದರೆ, ಕೆಂಡವಾದ ಬಸವನನ್ನು ಸೀದಾ ಹೊಳೆಗೆ ಇಳಿಸಿರುತ್ತಾನೆ. ಚಿಪ್ಪು ಸೀಳಿರುತ್ತದೆ.

"ಸೀಳಿರುತ್ತೆ, ನೋಡ್ತಾ ಇರಿ," ಎಂದಳು ಅಕ್ಕ, ಸಾಹೇಬರು ಈ ಲೆಕ್ಕ ಹೇಳಿದಾಗ. "ಆ ಸೀಳೇ ನನ್ನ ತಮ್ಮನ ಬಿಡುಗಡೆ ಚೀಟಿ."

ಮುಳುಗಿದ ಟ್ರಕ್ಕು ಗ್ಯಾರೇಜಿನ ಹಿಂದಿನ ಕೊಟ್ಟಿಗೆಯಲ್ಲಿ, ಪೊಲೀಸರ ಮೊಹರಿನಡಿ ನಿಂತಿತ್ತು. ಅದರ ಬಸವನನ್ನು ಮಾತ್ರ ಬಿಚ್ಚಲು ಸಾಹೇಬರು ಅನುಮತಿ ತಂದಿದ್ದರು. ಬಿಚ್ಚಿದವನು ಮೇಸ್ತ್ರಿ, ಅಂದರೆ ಅಕ್ಕನ ಗಂಡ. ಮಾತಿಗೆ ತೆರಿಗೆ ಕಟ್ಟಬೇಕೇನೋ ಎಂಬಂತೆ ಬಾಳುವ ಮನುಷ್ಯ. ಬಸವನನ್ನು ಬಾಲಕ್ಕೆ ಕಟ್ಟುವ ಯೋಚನೆ ಹುಟ್ಟಿದ್ದು ಆ ತಲೆಯಲ್ಲೇ.

ಮಧ್ಯಾಹ್ನದ ಬಿಸಿಲು ಧೂಳು ಹಿಡಿದ ಗಾಜಿನಿಂದ ಇಳಿದು ಕೆಲಸದ ಮೇಜಿನ ಮೇಲೆ ಹರಡಿತ್ತು. ಸಾಹೇಬರು ಹಳೆ ಟೈರಿನ ಮೇಲೆ ಕುಳಿತು ಅರ್ಧ ಕಣ್ಣು ಮುಚ್ಚಿದ್ದರು. ಅಕ್ಕ ಗೋಡೆಗೊರಗಿ ಬೆರಳ ತುದಿ ಕಚ್ಚುತ್ತಿದ್ದಳು.

ಮೇಸ್ತ್ರಿ ಚಿಪ್ಪನ್ನು ಮಗುವನ್ನು ಮೀಯಿಸುವಂತೆ ಸೀಮೆಎಣ್ಣೆಯಲ್ಲಿ ತೊಳೆದ. ಹೊಳೆಯ ಮರಳು ಬಂತು, ಒಂದು ಎಲೆ ಬಂತು. ಸುರುಳಿಯ ಒಳಮೂಲೆಯಲ್ಲಿ ಅಂಟಿಕೊಂಡಿದ್ದ ಇನ್ನೊಂದು ಸಣ್ಣ ಸುರುಳಿಯನ್ನು ಎಣ್ಣೆ ತಾಗುವ ಮೊದಲೇ ಅವನು ಉಗುರಿನಿಂದ ಬಿಡಿಸಿದ. ನಿಜವಾದ ಬಸವನಹುಳು, ಜೀವಂತ. ಅದನ್ನು ಒದ್ದೆ ಎಲೆಯ ಮೇಲೆ ಕೂರಿಸಿ ಕಿಟಕಿಯ ಕಟ್ಟೆಯಲ್ಲಿಟ್ಟ. ಇಂಥ ಕೈ ಯಾರಿಗೂ ಕೇಡು ಮಾಡುವುದಿಲ್ಲ ಎಂದು ಸಾಹೇಬರಿಗೆ ಅನ್ನಿಸಿತು, ಮತ್ತು ಹಾಗೆ ಅನ್ನಿಸಿದ್ದಕ್ಕೆ ತಮ್ಮ ಮೇಲೆಯೇ ಸ್ವಲ್ಪ ಸಿಟ್ಟು ಬಂತು. ಪತ್ತೇದಾರನಿಗೆ ಒಳ್ಳೆಯತನದ ಮೇಲಿನ ನಂಬಿಕೆ ಕಣ್ಣಿನ ಪೊರೆ ಇದ್ದಂತೆ.

ಮೇಸ್ತ್ರಿ ಚಿಪ್ಪನ್ನು ದಾರದಲ್ಲಿ ನೇತುಹಾಕಿ ಪಾನಾದಿಂದ ಮೆಲ್ಲಗೆ ತಟ್ಟಿದ.

ಠಣ್.

ಸದ್ದು ದುಂಡಗೆ ಎದ್ದು, ಕೊಟ್ಟಿಗೆಯ ತುಂಬ ತೇಲಿ, ಬಹಳ ಹೊತ್ತು ಸಾಯದೆ ಉಳಿಯಿತು. ಸೀಳಿದ ಕಬ್ಬಿಣ ಹಾಗೆ ಹಾಡುವುದಿಲ್ಲ, ಒಡೆದ ಮಡಕೆಯಂತೆ ಲೊಟ್ ಎನ್ನುತ್ತದೆ. ಸಾಹೇಬರ ಅರೆಗಣ್ಣು ಪೂರ್ತಿ ತೆರೆಯಿತು.

"ಸಣ್ಣ ಸೀಳಾದ್ರೆ ಸದ್ದಲ್ಲಿ ಗೊತ್ತಾಗಲ್ಲ," ಎಂದಳು ಅಕ್ಕ ಬೇಗ ಬೇಗ. "ಸುಣ್ಣದ ಪುಡಿ ಹಾಕಿ ನೋಡಿ."

ಮೇಸ್ತ್ರಿ ಚಿಪ್ಪನ್ನು ಒಣಬಟ್ಟೆಯಲ್ಲಿ ಒರೆಸಿ ಮೈತುಂಬ ಬಿಳಿ ಪುಡಿ ಉದುರಿಸಿದ. ಕೂದಲೆಳೆಯಷ್ಟು ಸೀಳಿದ್ದರೂ ಒಳಗೆ ಕುಳಿತ ಸೀಮೆಎಣ್ಣೆ ಜಿನುಗಿ, ಬಿಳುಪಿನ ಮೇಲೆ ಕಪ್ಪು ಗೆರೆ ಮೂಡಬೇಕು. ಮೂವರೂ ಕಾದರು. ಬಿಸಿಲು ಮೇಜಿನ ಅಂಚಿಗೆ ಸರಿಯಿತು. ಚಿಪ್ಪು ಹಿಟ್ಟಿನಲ್ಲಿ ಮಾಡಿಟ್ಟ ಆಟಿಕೆಯಂತೆ ಬೆಳ್ಳಗೆ, ಮುಗ್ಧವಾಗಿ ಕುಳಿತಿತ್ತು.

ಗೆರೆ ಮೂಡಲಿಲ್ಲ.

ಅಕ್ಕ ಚಿಪ್ಪನ್ನು ನೋಡಿದಳು, ಗಂಡನನ್ನು ನೋಡಿದಳು. "ಟೀ ತರ್ತೀನಿ," ಎಂದು ಯಾರಿಗೋ ಹೇಳುವಂತೆ ಹೇಳಿ ಹೊರಗೆ ನಡೆದಳು.

ಸಾಹೇಬರು ಕಣ್ಣು ಮುಚ್ಚಿದರು. ಕತ್ತಲಲ್ಲಿ ಬೆಕ್ಕೊಂದು ಗೊರಗುಟ್ಟಿತು, ತುಂಬಾ ಹೊತ್ತು. ತಮ್ಮನ ಕನಸಿನ ಬೆಕ್ಕು. ಈಗ ಅರ್ಥವಾಯಿತು. ಅದು ನೀರಿನ ಮುಂದೆ ನಿಂತು ಬಸವನಿಗೆ ಉಸಿರು ಕೊಡುತ್ತಿದ್ದ ಎಂಜಿನ್ನು. ಯಾರೇ ಓಡಿಸಿರಲಿ, ಆ ಕೈಗೆ ಗ್ಯಾರೇಜಿನ ಗುಟ್ಟು ಗೊತ್ತಿತ್ತು. ಮೂವರಲ್ಲಿ ಒಬ್ಬ ತೊಟ್ಟಿಯಲ್ಲಿ ಮಲಗಿದ್ದ. ಉಳಿದದ್ದು ಇಬ್ಬರು. ಒಬ್ಬಳು ಟೀ ತರಲು ಹೋಗಿದ್ದಳು, ಇನ್ನೊಬ್ಬ ಎದುರಿಗೆ ನಿಂತು ಕೈಗೆ ಮೆತ್ತಿದ ಪುಡಿಯನ್ನು ಒರೆಸಿಕೊಳ್ಳುತ್ತಿದ್ದ.

ಹುತ್ತಕ್ಕೆ ಕೈ ಹಾಕಿದಂತಾಯಿತು ಎಂದು ಸಾಹೇಬರು ಒಳಗೊಳಗೇ ನೊಂದುಕೊಂಡರು. ಅಕ್ಕನ ಕಣ್ಣೀರು ಅವರ ಮನಸ್ಸಿನಲ್ಲಿ ಇನ್ನೂ ಆರಿರಲಿಲ್ಲ.

"ನಾನೇ ಓಡಿಸಿದ್ದು," ಎಂದ ಮೇಸ್ತ್ರಿ.

ಸಾಹೇಬರು ಅಲುಗಲಿಲ್ಲ. "ಹ್ಞೂಂ."

"ಇನ್ಸ್‌ಪೆಕ್ಟರಿಗೆ ಹೇಳಿ. ಹುಡುಗನ್ನ ಬಿಟ್ಬಿಡಲಿ."

"ತೊಟ್ಟೀಲಿ ಅವನು ಹೇಗೆ ಬಂದ?"

"ಜಾರಿ ಬಿದ್ದು ಪೆಟ್ಟಾಗಿತ್ತು. ಆಸ್ಪತ್ರೆಗೆ ಅಂತ ಮಲಗಿಸಿಕೊಂಡೆ."

"ಸರ್ವೇಯರು?"

"ದಾರೀಲಿ ಸಿಕ್ಕಿದ್ರು. ಹತ್ತಿಸ್ಕೊಂಡೆ."

"ಹೊಳೆ ಹತ್ರ ಬಂದಾಗ ಏನು ಮಾಡಿದ್ರಿ?"

"ಏನು ಮಾಡೋದು? ಹುಡುಗನ ತಲೇಲಿ ರಕ್ತ. ಗಾಬರಿ. ಸೀದಾ ನುಗ್ಗಿಸಿಬಿಟ್ಟೆ."

ಸಾಹೇಬರು ಎದ್ದು ಬಂದು ಮೇಜಿನ ಮೇಲಿದ್ದ ಚಿಪ್ಪನ್ನು ಬೆರಳಿಂದ ಮುಟ್ಟಿದರು. ಬೆರಳಿಗೆ ಬಿಳುಪು ಅಂಟಿತು.

"ಏರು ಹತ್ತಿ ಬಂದು, ಉಸಿರು ಕೊಡದೆ, ಸೀದಾ?"

"ಹೂಂ."

"ಹಾಗಾದ್ರೆ ಇದು ಯಾಕೆ ಸೀಳಿಲ್ಲ ಮೇಸ್ತ್ರಿ?"

ಮೇಸ್ತ್ರಿಯ ಕೈ ಬಟ್ಟೆಯೊಳಗೇ ನಿಂತುಹೋಯಿತು. ಅವನು ಕಟ್ಟಿದ ಗಾಡಿ, ಅವನೇ ತೊಳೆದ ಚಿಪ್ಪು, ಅವನೇ ಉದುರಿಸಿದ ಪುಡಿ. ಆದರೂ ಗಾಬರಿಯ ಕಥೆ ಕಟ್ಟುವಾಗ ಎದುರಿಗಿದ್ದ ಕಬ್ಬಿಣವೇ ಮರೆತುಹೋಗಿತ್ತು.

"ಸುಳ್ಳಿಗೆ ತಲೆ ಇದ್ರೆ ಬಾಲ ಇರಲ್ಲ," ಎಂದರು ಸಾಹೇಬರು, ಆದಷ್ಟು ಮೃದುವಾಗಿ. "ನೀವು ಆ ಗಾಡೀಲಿ ಇರಲಿಲ್ಲ. ನಿಮ್ಮ ಲೆಕ್ಕದಲ್ಲಿ ಉಳಿದವರು ಒಬ್ಬರೇ, ನಿಮ್ಮ ಹೆಂಡತಿ. ಅವರನ್ನ ಉಳಿಸೋಕೆ ಕುತ್ತಿಗೆ ಕೊಡ್ತಾ ಇದ್ದೀರಿ. ಹೌದೋ ಅಲ್ವೋ?"

"ನನ್ನ ಯಾಕೆ ಉಳಿಸಬೇಕು ಇವರು?"

ಅಕ್ಕ ಬಾಗಿಲಲ್ಲಿ ನಿಂತಿದ್ದಳು. ಕೈಯಲ್ಲಿ ಟೀ ಇರಲಿಲ್ಲ. ಎಷ್ಟು ಹೊತ್ತಿನಿಂದ ನಿಂತಿದ್ದಳೋ.

"ನಾನು ಓಡಿಸಿಲ್ಲ ಸಾಹೇಬ್ರೇ."

"ಗುಟ್ಟು ಮೂರೇ ಜನಕ್ಕೆ ಗೊತ್ತು ಅಂದೆಯಲ್ಲಮ್ಮಾ."

ಅಕ್ಕ ಒಳಗೆ ಬಂದಳು. ಬಿಸಿಲಿನ ಪಟ್ಟಿಯೊಳಗೆ ಬಂದು ನಿಂತಾಗ ಅವಳ ಸುತ್ತ ಧೂಳಿನ ಕಣಗಳು ನಿಧಾನವಾಗಿ ಏಳುತ್ತ ಇಳಿಯುತ್ತ ತೇಲಿದವು. ಹೊರಗೆಲ್ಲೋ ನಲ್ಲಿ ತೊಟ್ಟಿಕ್ಕುತ್ತಿತ್ತು. ಇದೆಲ್ಲ ಯಾರದೋ ಕನಸಿನಲ್ಲಿ ನಡೆಯುತ್ತಿದೆ, ಯಾರಾದರೂ ಕೆಮ್ಮಿದರೆ ಎಲ್ಲರಿಗೂ ಎಚ್ಚರವಾಗುತ್ತದೆ ಎನಿಸಿತು ಸಾಹೇಬರಿಗೆ. ಕೆಮ್ಮಲು ಧೈರ್ಯ ಬರಲಿಲ್ಲ.

"ನಾಲ್ಕು ಜನಕ್ಕೆ," ಎಂದಳು ಅಕ್ಕ. "ಸರ್ವೇಯರಿಗೂ ಗೊತ್ತಿತ್ತು. ನಾನೇ ಹೇಳಿಕೊಟ್ಟಿದ್ದೆ."

ಸಾಹೇಬರ ತಲೆಯೊಳಗೆ ಗಾಡಿ ಮತ್ತೆ ಹೊರಟಿತು. ಸರ್ವೇಯರ ಹೆಣ ಸಿಕ್ಕಿದ್ದು ಸ್ಟೇರಿಂಗಿನ ಪಕ್ಕದ ಸೀಟಿನಲ್ಲಿ, ಬೆಲ್ಟು ಬಿಗಿದುಕೊಂಡೇ. ಅಂದರೆ ಓಡಿಸುತ್ತಿದ್ದವನು ಯಾರೇ ಆಗಿರಲಿ, ಗುತ್ತಿಗೆದಾರನೇ ಆಗಿರಲಿ, ನೀರಿನ ಮುಂದೆ ನಿಲ್ಲಿಸು, ಉಸಿರು ಕೊಡು ಎಂದು ಪಕ್ಕದಲ್ಲಿ ಕೂತವನೇ ಹೇಳಿರಬಹುದು. ಇಡಿಯಾದ ಚಿಪ್ಪು ಗ್ಯಾರೇಜಿನವರನ್ನು ಹಿಡಿದುಕೊಡುವುದಿಲ್ಲ. ಅಕ್ಕನ ಒಂದೇ ಮಾತು ಗಂಡನನ್ನೂ ಬಿಡಿಸಿತ್ತು, ತನ್ನನ್ನೂ ಬಿಡಿಸಿಕೊಂಡಿತ್ತು.

"ಕೋರ್ಟಲ್ಲಿ ಇದನ್ನ ಹೇಳಬೇಕಾಗುತ್ತೆ," ಎಂದರು. "ನಿನ್ನ ತಮ್ಮ ಹೊರಗೆ ಬರಬೇಕಾದ್ರೆ ಬೇರೆ ದಾರಿ ಇಲ್ಲ. ಎಲ್ಲಿ ಹೇಳಿಕೊಟ್ಟೆ, ಯಾವಾಗ, ಯಾಕೆ ಅಂತ ವಕೀಲರು ಕೇಳ್ತಾರೆ. ಬಿಡೋದಿಲ್ಲ."

"ಕೇಳಲಿ." ಅಕ್ಕ ಗಂಡನ ಕಡೆಗೇ ತಿರುಗಿದಳು. "ಗಣಿ ದಾರೀಲಿ. ಸಂಜೆ ಹೊತ್ತು. ವೆಲ್ಡಿಂಗ್ ರಾಡ್ ಮುಗಿದಿದೆ, ತಗೊಂಡು ಬರ್ತೀನಿ ಅಂತ ಗಾಡಿ ತಗೊಂಡು ಹೋಗ್ತಿದ್ದೆನಲ್ಲ, ಆ ಸಂಜೆಗಳಲ್ಲಿ. ಅವನು ನನ್ನ ಜೊತೆ ಮಾತಾಡ್ತಿದ್ದ ರೀ. ಅಷ್ಟೇ. ಮಾತಾಡ್ತಿದ್ದ. ಮನೇಲಿ ನನಗೆ ಅದು ಸಿಗ್ತಿರಲಿಲ್ಲ. ಕಳೆದ ತಿಂಗಳೇ ನಿಲ್ಲಿಸಿದೆ. ಇನ್ನು ಬರಬೇಡ ಅಂದೆ. ನಾಚಿಕೆ ಆಗುತ್ತೆ ನನಗೆ, ಆದ್ರೆ ತಮ್ಮನ ಮುಂದೆ ನನ್ನ ನಾಚಿಕೆ ದೊಡ್ಡದಲ್ಲ."

ಮೇಸ್ತ್ರಿ ಬಟ್ಟೆಯನ್ನು ಮಡಿಸಿ ಮೇಜಿನ ಮೇಲಿಟ್ಟ. ಮೂಲೆಯ ಕಬ್ಬಿಣದ ಕಪಾಟಿನ ಬಳಿ ಹೋಗಿ ಬಾಗಿಲು ತೆಗೆದ. ಒಳಗೆ ವೆಲ್ಡಿಂಗ್ ರಾಡಿನ ಕಟ್ಟುಗಳು, ಕೆಳಗಿನ ಹಲಗೆಯಿಂದ ಮೇಲಿನ ಹಲಗೆಯವರೆಗೆ.

"ಇಲ್ಲಿ ರಾಡ್ ಯಾವತ್ತೂ ಮುಗಿದಿರಲಿಲ್ಲ," ಎಂದ. "ತುಂಬಿಸಿಡ್ತಾ ಇದ್ದೋನು ನಾನೇ."

ಅಕ್ಕ ಬಾಯಿಗೆ ಕೈ ಒತ್ತಿಕೊಂಡಳು. "ನಿಮಗೆ ಗೊತ್ತಿತ್ತಾ?"

"ಮೊದಲನೇ ಸಂಜೆಯಿಂದ."

ಸಾಹೇಬರ ಬೆನ್ನು ನೆಟ್ಟಗಾಯಿತು. ಐದು ನಿಮಿಷದ ಹಿಂದೆ ಅವರು ಈ ಮನುಷ್ಯನನ್ನು ನಿರಪರಾಧಿ ಎಂದು ಮನಸಾರೆ ಬಿಟ್ಟುಬಿಟ್ಟಿದ್ದರು. ಹೆಂಡತಿಗಾಗಿ ಸುಳ್ಳು ಹೇಳಿದ ಬಡಪಾಯಿ ಎಂದು ಮರುಗಿದ್ದರು. ಸರ್ವೇಯರನ್ನು ದ್ವೇಷಿಸಲು ಗುತ್ತಿಗೆದಾರನಿಗಿಂತ ದೊಡ್ಡ ಕಾರಣ ಈಗ ಕಪಾಟಿನ ತುಂಬ ಜೋಡಿಸಿಟ್ಟಿತ್ತು. ಚಿಪ್ಪು ಸೀಳಿಲ್ಲ ಎಂದು ಕಣ್ಣಾರೆ ಕಂಡ ಮೇಲೂ ಸೀದಾ ನುಗ್ಗಿಸಿದೆ ಎಂದಿದ್ದನಲ್ಲ. ಅದನ್ನು ಕಟ್ಟಿದವನು ಅಂಥ ತಪ್ಪು ಮಾಡುತ್ತಾನೆಯೇ? ಅಥವಾ ತಾವು ಅದನ್ನು ಹಿಡಿದು ತನ್ನನ್ನು ಬಿಟ್ಟುಬಿಡಲಿ ಎಂದೇ ಹೇಳಿದ ಸುಳ್ಳೇ ಅದು?

"ಮೇಸ್ತ್ರಿ," ಎಂದರು ಅವರು. ನಿದ್ದೆಯ ಎಳೆಯೂ ಆ ದನಿಯಲ್ಲಿರಲಿಲ್ಲ. "ಅವತ್ತು ಬೆಳಿಗ್ಗೆ ನೀವು ಎಲ್ಲಿದ್ರಿ?"

ಅಕ್ಕ ತಮ್ಮನನ್ನು ಉಳಿಸಲು ಹೋಗಿ ಏನು ಕೊಟ್ಟುಬಿಟ್ಟೆ ಎಂದು ಅರಿತವಳಂತೆ, ಬೇಡ ಬೇಡ ಎಂದು ತಲೆ ಆಡಿಸುತ್ತ ಗಂಡನ ತೋಳು ಹಿಡಿದಳು. ಮೇಸ್ತ್ರಿ ಅವಳ ಕೈಯನ್ನು ನಿಧಾನವಾಗಿ ಬಿಡಿಸಿದ.

"ಆಗಲೇ ಹೇಳಿದ್ನಲ್ಲ ಸಾಹೇಬ್ರೇ," ಎಂದ. "ನೀವೇ ನಂಬಲಿಲ್ಲ."